ಅರವತ್ತು ಮುಟ್ಟಿದರೆ ನಡುಕ

ಅಪಘಾತದ ಗಾಯ ಮುಚ್ಚಿದೆ, ಬಣ್ಣ ಮಿರಮಿರ ಮಿಂಚುತ್ತಿದೆ. ಆದರೆ ಹಳೆಯ ಕಾರು ವೇಗ ಹಿಡಿದೊಡನೆ ಸ್ಟೇರಿಂಗ್ ಗಡಗಡ! ಬ್ಯಾಲೆನ್ಸಿಂಗ್ ಆಯಿತು, ಅಲೈನ್‌ಮೆಂಟ್ ಆಯಿತು, ಟೈರೂ ಬದಲಾಯಿತು. ನಡುಕ ಮಾತ್ರ ಹೋಗಲಿಲ್ಲ. ರೋಗ ಅಡಗಿರುವುದೆಲ್ಲಿ?

ಭಾನುವಾರ ಬೆಳಗಿನ ಏಳು ಗಂಟೆ. ಬಿಡದಿ ದಾಟಿದ ಮೇಲೆ ಮೈಸೂರು ರಸ್ತೆಯಲ್ಲಿ ಇನ್ನೂ ತೆಳುವಾಗಿ ಮಂಜು. ಕೆನೆಬಣ್ಣದ ಫಿಯೆಟ್ 1100 ಡಿ ನಾಲ್ಕನೇ ಗಿಯರಿಗೆ ಬಿದ್ದಿದೆ. ಐವತ್ತು, ಐವತ್ತೈದು... ಅರವತ್ತು ಮುಟ್ಟುವ ಹೊತ್ತಿಗೆ ಸ್ಟೇರಿಂಗ್ ಚಕ್ರ ಅಂಗೈಯೊಳಗೆ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳತೊಡಗುತ್ತದೆ. ಬಾನೆಟ್ ಅದುರುತ್ತದೆ, ಕನ್ನಡಿಯಲ್ಲಿ ಹಿಂದಿನ ರಸ್ತೆ ಕಲಸಿಹೋಗುತ್ತದೆ.

‘ಸಾರ್, ಬ್ರೇಕ್ ಒತ್ಬೇಡಿ. ಆಕ್ಸಲರೇಟರ್ ಬಿಡಿ, ಅಷ್ಟೇ’ ಎನ್ನುತ್ತಾರೆ ಪಕ್ಕದಲ್ಲಿ ಕುಳಿತ ಮೇಸ್ತ್ರಿ. ವೇಗ ಇಳಿಯುತ್ತದೆ, ನಡುಕ ನಿಲ್ಲುತ್ತದೆ. ‘ಈಗ ನಿಧಾನಕ್ಕೆ ಎಪ್ಪತ್ತೈದಕ್ಕೆ ಏರ್ಸಿ.’

‘ಅಲ್ಲಿ ಸ್ವಲ್ಪ ಕಡಿಮೆ ಆಯ್ತು ಮೇಸ್ತ್ರಿ. ಆದ್ರೆ ಆ ಸೇತುವೆ ಜಾಯಿಂಟ್ ಹತ್ರ ಮತ್ತೆ ಶುರುವಾಯ್ತು ನೋಡಿ.’

‘ಹಾಗಾದ್ರೆ ಒಂದಲ್ಲ ಸಾರ್, ಎರಡಿದೆ. ಗಾಡಿ ತಿರುಗ್ಸಿ. ಸ್ಟೇರಿಂಗ್ ಬಾಕ್ಸಿಗೆ ಇನ್ಮೇಲೆ ಯಾರೂ ಸ್ಪ್ಯಾನರ್ ಹಾಕೋದು ಬೇಡ.’

ಕೆಲವು ತಿಂಗಳ ಹಿಂದೆ ಈ ಕಾರಿನ ಎಡ ಮುಂಭಾಗ ಮೋರಿಕಟ್ಟೆಗೆ ಬಡಿದಿತ್ತು. ಮಡ್‌ಗಾರ್ಡ್ ಟಿಂಕರಿಂಗ್ ಆಗಿ, ಪುಟ್ಟಿ ತುಂಬಿ, ಬಣ್ಣ ಹೊಡೆದು, ಹೆಡ್‌ಲ್ಯಾಂಪಿನ ಹೊಸ ರಿಂಗೂ ಕೂತಿದೆ. ಇಲ್ಲಿ ಬರುವ ಫಿಯೆಟ್ ನಿಜಕ್ಕೂ ಒಂದೇ ಕಾರಲ್ಲ. ಇದೇ ದೂರು ಹೊತ್ತು ಗ್ಯಾರೇಜಿಗೆ ಬರುವ ಹತ್ತಾರು ಹಳೆಯ ಕಾರುಗಳ ಪ್ರತಿನಿಧಿ. ಊರು, ಬಣ್ಣ ಬೇರೆಯಾದರೂ ಎಲ್ಲದರ ಕತೆ ಹೆಚ್ಚುಕಡಿಮೆ ಹೀಗೇ ಸಾಗುತ್ತದೆ.

ಚಳಿಗಾಲ ನಮ್ಮಲ್ಲಿ ಹಳೆಯ ಕಾರುಗಳು ಹೊರಬರುವ ಕಾಲ. ದೆಹಲಿಯಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆ 1964ರಲ್ಲಿ ಆರಂಭಿಸಿದ ವಿಂಟೇಜ್ ರ‍್ಯಾಲಿಯ ಹಾದಿಯಲ್ಲೇ ಇಂದು ಹಲವು ನಗರಗಳಲ್ಲಿ ಮೆರವಣಿಗೆಗಳು ನಡೆಯುತ್ತವೆ. ಐವತ್ತು ವರ್ಷ ತುಂಬಿದ ವಾಹನವನ್ನು ಕೇಂದ್ರದ ನಿಯಮ ವಿಂಟೇಜ್ ಎಂದು ಗುರುತಿಸುವುದರಿಂದ, ನಿನ್ನೆ ಮೊನ್ನೆಯವರೆಗೆ ಬರೀ ‘ಹಳೇ ಗಾಡಿ’ ಆಗಿದ್ದ 1974ರ ಪ್ರೀಮಿಯರ್ ಪದ್ಮಿನಿಗೂ ಈಗ ಆ ಪಟ್ಟ ಸಿಕ್ಕಿದೆ. ಇಂಥ ಕಾರುಗಳು ರಸ್ತೆಗೆ ಬಂದಷ್ಟೂ ಸಣ್ಣಪುಟ್ಟ ಡಿಕ್ಕಿಗಳೂ ಆಗುತ್ತವೆ. ಮೈಗೆ ಆದ ಗಾಯ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೀಲಿಗೆ ಆದದ್ದನ್ನು ಅಳತೆ ಮಾಡಿಯೇ ಕಾಣಬೇಕು.

ಸೆಕೆಂಡಿಗೆ ಒಂಬತ್ತು ಗುದ್ದು

ನಡುಕ ಅರವತ್ತಕ್ಕೇ ಏಕೆ ಬರಬೇಕು? ಉತ್ತರ ಸರಳ ಲೆಕ್ಕದಲ್ಲಿದೆ. ಫಿಯೆಟ್ 1100 ಡಿಯ ಟೈರ್ 5.20–14 ಅಳತೆಯದು. ಒಂದು ಸುತ್ತಿಗೆ ಅದು ಸುಮಾರು 1.85 ಮೀಟರ್ ಉರುಳುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಒಂಬತ್ತು ಸುತ್ತು. ರಿಮ್ಮಿನ ಒಂದು ಬದಿಯಲ್ಲಿ 50 ಗ್ರಾಂ ತೂಕ ಹೆಚ್ಚಿದ್ದರೆ, ಆ ವೇಗದಲ್ಲಿ ಅದು ಸುಮಾರು 3 ಕೆ.ಜಿ. ಬಲದಿಂದ ಸೆಕೆಂಡಿಗೆ ಒಂಬತ್ತು ಸಲ ಚಕ್ರವನ್ನು ಎಳೆಯುತ್ತದೆ. 80 ಕಿ.ಮೀ.ಗೆ ಹೋದರೆ ಎಳೆತ 5 ಕೆ.ಜಿ.; ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು.

ಮುಂಚಕ್ರ, ತೋಳು, ಸ್ಪ್ರಿಂಗ್, ರಾಡುಗಳು ಸೇರಿದ ಜೋಡಣೆಗೂ ತನ್ನದೇ ಆದ ಸಹಜ ಕಂಪನದ ಲಯವಿದೆ. ಚಕ್ರದ ಸುತ್ತು ಆ ಲಯಕ್ಕೆ ತಾಳ ಹಾಕಿದ ಕ್ಷಣ ಅದುರು ಹಿಗ್ಗುತ್ತದೆ. ವೇಗ ಅದನ್ನು ದಾಟಿದರೆ ತಗ್ಗುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಬಂದು ಅದರಾಚೆ ಹೋಗುವ ನಡುಕಕ್ಕೆ ಮೊದಲ ಆರೋಪಿ ಚಕ್ರ ಮತ್ತು ಟೈರ್.

ಹಳ್ಳಕ್ಕೋ ಸೇತುವೆಯ ಜಾಯಿಂಟಿಗೋ ಬಿದ್ದೊಡನೆ ಶುರುವಾಗಿ, ವೇಗ ಚೆನ್ನಾಗಿ ಇಳಿಸುವವರೆಗೂ ಬಿಡದೆ ಹೊಡೆದುಕೊಳ್ಳುವುದು ಬೇರೆಯೇ ಜಾತಿ. ಎಂಜಿನಿಯರುಗಳು ಇದನ್ನು ‘ಶಿಮ್ಮಿ’ ಎನ್ನುತ್ತಾರೆ. ಕಾರಿನ ಓಟದಿಂದಲೇ ಶಕ್ತಿ ಹೀರಿಕೊಂಡು ತನ್ನನ್ನು ತಾನೇ ಪೋಷಿಸಿಕೊಳ್ಳುವ ಓಲಾಟ ಇದು. ಇದರ ಹಿಂದೆ ಕೀಲುಗಳ ಸಡಿಲವೋ ಕೋನಗಳ ಏರುಪೇರೋ ಇರುತ್ತದೆ. ಎಷ್ಟು ಬ್ಯಾಲೆನ್ಸ್ ತೂಕ ಬಡಿದರೂ ಪೂರ್ತಿ ಹೋಗುವುದಿಲ್ಲ. ಇನ್ನು ಬ್ರೇಕ್ ಒತ್ತಿದಾಗ ಮಾತ್ರ ಬರುವ ನಡುಕಕ್ಕೆ ಡ್ರಮ್ ಅಂಡಾಕಾರವಾಗಿದೆಯೇ ನೋಡಬೇಕು. ಇಪ್ಪತ್ತು ಮೂವತ್ತರ ವೇಗದಲ್ಲೇ ಕಾರು ಓಲಾಡಿದರೆ ರಿಮ್ ಬೆಂಡಾಗಿರಬಹುದು, ಇಲ್ಲವೇ ಟೈರ್ ಉಬ್ಬಿರಬಹುದು.

ಮೇಸ್ತ್ರಿ ‘ಎರಡಿದೆ’ ಎಂದದ್ದು ಇದಕ್ಕೇ. ಕಾರನ್ನು ಜಾಕ್ ಮೇಲೆ ಎತ್ತುವ ಮುಂಚೆಯೇ, ನಡುಕ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಕೇಳಿಯೇ ಅರ್ಧ ಪತ್ತೆ ಮುಗಿದಿತ್ತು.

ಬಲೂನ್ ಟೈರ್ ತಂದ ಪೀಡೆ

ಈ ರೋಗಕ್ಕೆ ನೂರು ವರ್ಷಗಳ ಇತಿಹಾಸವಿದೆ. 1920ರ ದಶಕದ ಮಧ್ಯದವರೆಗೆ ಕಾರುಗಳಿಗೆ ಗಟ್ಟಿ ಗಾಳಿಯ ತೆಳು ಟೈರ್, ಹೆಚ್ಚಿನವಕ್ಕೆ ಹಿಂಚಕ್ರಕ್ಕೆ ಮಾತ್ರ ಬ್ರೇಕ್. 1923ರಲ್ಲಿ ಫೈರ್‌ಸ್ಟೋನ್ ಕಂಪನಿ ಕಡಿಮೆ ಗಾಳಿಯ ದಪ್ಪನೆಯ ಬಲೂನ್ ಟೈರ್ ತಂದಿತು. ಅದೇ ವರ್ಷಗಳಲ್ಲಿ ಮುಂಚಕ್ರಕ್ಕೂ ಬ್ರೇಕ್ ಬಂತು. ಸವಾರಿ ಮೆತ್ತಗಾಯಿತು, ಕಾರು ಬೇಗ ನಿಲ್ಲತೊಡಗಿತು. ಜೊತೆಗೆ ಶಿಮ್ಮಿ ಎಂಬ ಪೀಡೆಯೂ ಬಂದು ಕೂತಿತು.

ಕಾರಣ ಮುಂದಿನ ಒಂಟಿ ದಂಡದಂಥ ಆಕ್ಸಲ್. ಎಡಚಕ್ರ ಉಬ್ಬು ಹತ್ತಿದರೆ ಇಡೀ ದಂಡ ವಾಲುತ್ತದೆ. ತಿರುಗುತ್ತಿರುವ ಎರಡೂ ಚಕ್ರಗಳು ಜೊತೆಗೇ ವಾಲುತ್ತವೆ. ವೇಗವಾಗಿ ತಿರುಗುವ ಚಕ್ರವನ್ನು ವಾಲಿಸಿದರೆ ಅದು ಪಕ್ಕಕ್ಕೆ ತಿರುಗಲು ನೋಡುತ್ತದೆ. ಇದು ಗೈರೊಸ್ಕೋಪಿನ ನಿಯಮ. ಹಾಗೆ ತಿರುಗಿದ ಚಕ್ರ ದಂಡವನ್ನು ಮತ್ತೆ ವಾಲಿಸುತ್ತದೆ. ಮೆತ್ತನೆಯ ಟೈರು, ಬ್ರೇಕಿನ ಹೆಚ್ಚುವರಿ ಭಾರ ಸೇರಿ ಈ ಸರಪಳಿಗೆ ಕೊನೆಯೇ ಇಲ್ಲದಾಯಿತು. ಧರ್ಮಸ್ಥಳದ ಕಾರು ಸಂಗ್ರಹಾಲಯದಂಥ ಕಡೆ ಯುದ್ಧಪೂರ್ವದ ಕಾರುಗಳ ಮುಂದೆ ಒಂದು ಸಲ ಬಗ್ಗಿ ನೋಡಿ. ಆ ದಂಡ ಕಣ್ಣೆದುರೇ ಇರುತ್ತದೆ.

ಇದರಿಂದ ಪಾರಾಗುವ ಹುಡುಕಾಟದಲ್ಲಿ ದೊಡ್ಡ ಹೆಸರು ಮಾರಿಸ್ ಓಲಿ. ರೋಲ್ಸ್‌ರಾಯ್ಸ್‌ನಲ್ಲಿದ್ದ ಈ ಬ್ರಿಟಿಷ್ ಎಂಜಿನಿಯರ್ 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದರು. ತೂಕಗಳನ್ನು ಹಿಂದೆ ಮುಂದೆ ಸರಿಸಬಹುದಾದ ಪ್ರಯೋಗದ ಕಾರು ಕಟ್ಟಿ ಸವಾರಿಯ ವಿಜ್ಞಾನವನ್ನೇ ಅಳೆದರು. 1934ರ ಹೊತ್ತಿಗೆ ಜನರಲ್ ಮೋಟರ್ಸ್ ಕಾರುಗಳಲ್ಲಿ ಎಡ ಬಲ ಚಕ್ರಗಳು ಸ್ವತಂತ್ರವಾಗಿ ಏಳುಬೀಳುವ ಸಸ್ಪೆನ್ಷನ್ ಬಂತು. ಒಂದು ಚಕ್ರದ ಕುಲುಕಾಟ ಇನ್ನೊಂದಕ್ಕೆ ದಾಟುವ ದಾರಿ ಬಹುಪಾಲು ಮುಚ್ಚಿತು.

1953ರಲ್ಲಿ ಇಟಲಿಯಲ್ಲಿ ಬಂದು, ಬಳಿಕ ಮುಂಬಯಿಯ ಕುರ್ಲಾದಲ್ಲಿ ತಯಾರಾದ ಫಿಯೆಟ್ 1100 ಇದೇ ವಂಶದ್ದು. ಮುಂದೆ ಮೇಲೊಂದು ಕೆಳಗೊಂದು ತೋಳು, ನಡುವೆ ಚಕ್ರ ಎಡ ಬಲಕ್ಕೆ ತಿರುಗುವ ಕೀಲಾದ ಕಿಂಗ್‌ಪಿನ್, ಕಾಯಿಲ್ ಸ್ಪ್ರಿಂಗ್. ಹಾಗಾದರೆ ಸ್ವತಂತ್ರ ಸಸ್ಪೆನ್ಷನ್ ಇದ್ದೂ ನಮ್ಮ ಕಾರು ನಡುಗುವುದೇಕೆ? ಡಿಕ್ಕಿಯಾದ ಜಾಗಕ್ಕೇ ಹೋಗಿ ನೋಡಬೇಕು.

ಖರ್ಚಿಲ್ಲದ ಮೊದಲ ಪರೀಕ್ಷೆ

ಮುಂದಿನ ಎರಡು ಚಕ್ರ ಬಿಚ್ಚಿ ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಅದೇ ವೇಗಕ್ಕೆ ಓಡಿಸಬೇಕು. ನಡುಕ ಕೈಯಿಂದ ಸೀಟಿಗೆ ವರ್ಗವಾದರೆ ದೋಷ ಚಕ್ರದ್ದು. ಕೈಯಲ್ಲೇ ಉಳಿದರೆ ಬೇರೆಡೆ. ಕಾರನ್ನು ಎತ್ತಿ, ನೆಲದ ಮೇಲೆ ಸ್ಟ್ಯಾಂಡಿಗೆ ಸೀಮೆಸುಣ್ಣ ಕಟ್ಟಿ, ರಿಮ್ಮಿನ ಅಂಚಿಗೆ ತಾಗಿಯೂ ತಾಗದಂತೆ ಹಿಡಿದು ಚಕ್ರ ತಿರುಗಿಸಿದರೆ ಬೆಂಡು ಎಲ್ಲಿದೆ ಎಂದು ರಿಮ್ಮೇ ಗೆರೆ ಎಳೆದು ತೋರಿಸುತ್ತದೆ.

ಮೋರಿಕಟ್ಟೆಗೆ ಬಡಿದ ರಿಮ್ಮನ್ನು ಸುತ್ತಿಗೆಯಿಂದ ಸರಿಪಡಿಸಿ ಮತ್ತೆ ಹಾಕುವುದು ಸಾಮಾನ್ಯ. ಬ್ಯಾಲೆನ್ಸಿಂಗ್ ಯಂತ್ರ ತೂಕದ ಹೆಚ್ಚುಕಡಿಮೆ ಸರಿಮಾಡುತ್ತದೆ, ರಿಮ್ಮಿನ ಸೊಟ್ಟ ಸರಿಮಾಡದು. ನಮ್ಮ ಫಿಯೆಟ್ಟಿನ ನಡುಕದಲ್ಲಿ ಅರವತ್ತಕ್ಕೆ ಬರುತ್ತಿದ್ದ ಪಾಲು ಹಿಂದಿನ ಸೀಟಿಗೆ ಹೋಯಿತು. ಎಡಗಡೆಯ ರಿಮ್ ಬೆಂಡು. ಅದು ಬದಲಾಯಿತು. ಆದರೆ ಸೇತುವೆಯ ಜಾಯಿಂಟಿನಲ್ಲಿ ಹುಟ್ಟುವ ಓಲಾಟ ಹಾಗೇ ಉಳಿಯಿತು.

ಟೈರಿನ ಹುಟ್ಟಿದ ವಾರ
*ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. 2000ದಿಂದ ಈಚೆಗೆ ಈ ಪದ್ಧತಿ. ಹಳೆಯ ಕಾರು ಕಡಿಮೆ ಓಡುವುದರಿಂದ ಟೈರ್ ಸವೆಯುವ ಮೊದಲೇ ರಬ್ಬರ್ ಮುದಿಯಾಗುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ, ಮೊದಲ ಕೆಲವು ಕಿಲೋಮೀಟರ್ ನಡುಕ ಕೊಡುವುದೂ ಉಂಟು. ಮುಂದೆ ರೇಡಿಯಲ್, ಹಿಂದೆ ಹಳೆಯ ಮಾದರಿಯ ಕ್ರಾಸ್‌ಪ್ಲೈ ಹಾಕುವುದು ಅಪಾಯ. ತಿರುವಿನಲ್ಲಿ ಹಿಂಭಾಗ ಹಿಡಿತ ತಪ್ಪುತ್ತದೆ.*

ಒಬ್ಬರು ಮೇಲೆ, ಒಬ್ಬರು ಕೆಳಗೆ

ಮುಂದಿನ ಪರೀಕ್ಷೆಗೆ ಇಬ್ಬರು ಬೇಕು. ಚಕ್ರಗಳು ನೆಲದ ಮೇಲೇ ಇರಬೇಕು. ಒಬ್ಬರು ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸುತ್ತಿರಬೇಕು. ಇನ್ನೊಬ್ಬರು ಕಾರಿನಡಿ ಮಲಗಿ ಟೈ ರಾಡ್ ಎಂಡ್, ಬುಷ್, ಬ್ರ್ಯಾಕೆಟ್ ಎಲ್ಲದರ ಮೇಲೂ ಬೆರಳಿಟ್ಟು ಬರಬೇಕು. ರಾಡ್ ಚಲಿಸುವ ಮುನ್ನ ಕೀಲಿನೊಳಗೆ ‘ಟಕ್’ ಎಂದರೆ ಅಲ್ಲಿ ಪ್ಲೇ, ಅಂದರೆ ಸಡಿಲ ಇದೆ.

ಆಮೇಲೆ ಜಾಕ್. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗೋ ಕಿಂಗ್‌ಪಿನ್ನೋ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಹಳೆಯ ಮೇಸ್ತ್ರಿಗಳ ಬಳಿ ಸೊಗಸಾದ ಉಪಾಯವಿದೆ: ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಡ್ರಮ್ಮೂ ಸ್ಟಬ್ ಆಕ್ಸಲ್ಲೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆಗ ಪ್ಲೇ ಮಾಯವಾದರೆ ಬೇರಿಂಗ್ ಸಡಿಲ. ಹಾಗೇ ಇದ್ದರೆ ಕಿಂಗ್‌ಪಿನ್ ಸವೆದಿದೆ. ಪೈಸೆ ಖರ್ಚಿಲ್ಲ, ಒಂದು ನಿಮಿಷದ ಕೆಲಸ. ಇದನ್ನು ಮಾಡದೆ ಎರಡನ್ನೂ ಬದಲಾಯಿಸಿ ಬಿಲ್ ಕೊಡುವ ಗ್ಯಾರೇಜಿಗೆ ಕಾರು ಬಿಡಲೇಬಾರದು.

ಈಗ ಸ್ಟೇರಿಂಗ್ ಬಾಕ್ಸ್. ಅಪಘಾತದ ನಂತರದ ತಪ್ಪುಗಳೆಲ್ಲ ಬಂದು ಸೇರುವ ಜಾಗ ಇದು. ಫಿಯೆಟ್ 1100ರಲ್ಲಿ ಬಾಕ್ಸ್ ಬಲಗಡೆ. ಅದರ ತೋಳಿಗೆ ಎದುರಾಗಿ ಎಡಗಡೆ ‘ಐಡ್ಲರ್’ ಎಂಬ ಇನ್ನೊಂದು ತೋಳು. ಇವೆರಡರ ನಡುವೆ ರಾಡ್. ಬಾಕ್ಸಿನೊಳಗೆ ಹುಳುವಿನಂತೆ ಸುತ್ತಿಕೊಂಡ ಹಲ್ಲಿನ ದಂಡ. ಕಾರು ನೇರ ಹೋಗುವಾಗ ಹಲ್ಲುಗಳ ನಡುವೆ ಸಂದು ಅತಿ ಕಡಿಮೆ ಇರಬೇಕು, ಪಕ್ಕಕ್ಕೆ ತಿರುಗಿಸಿದಾಗ ಸ್ವಲ್ಪ ಸಡಿಲ ಇರಬೇಕು. ಹೀಗೆಂದು ಲೆಕ್ಕ ಹಾಕಿಯೇ ಕಾರ್ಖಾನೆಯವರು ಇದನ್ನು ಮಾಡಿರುತ್ತಾರೆ.

ಎಡಭಾಗಕ್ಕೆ ಬಿದ್ದ ಪೆಟ್ಟಿನಿಂದ ರಾಡ್ ಬಾಗಿತು, ಅಥವಾ ಐಡ್ಲರಿನ ಬ್ರ್ಯಾಕೆಟ್ ಸರಿಯಿತು ಎಂದುಕೊಳ್ಳಿ. ಚಕ್ರಗಳನ್ನು ನೇರ ಮಾಡಲು ಅಲೈನ್‌ಮೆಂಟ್‌ನವರು ಒಂದೇ ಬದಿಯ ಟೈ ರಾಡ್ ತಿರುಗಿಸುತ್ತಾರೆ. ಕೈಯಲ್ಲಿರುವ ಸ್ಟೇರಿಂಗ್ ಚಕ್ರ ಸೊಟ್ಟ ಕಂಡರೆ ನಟ್ಟು ಬಿಚ್ಚಿ, ಹಲ್ಲು ತಪ್ಪಿಸಿ ನೇರ ಕೂರಿಸುತ್ತಾರೆ. ನೋಡಲು ಎಲ್ಲ ಸರಿ. ಆದರೆ ಕಾರು ನೇರ ಓಡುವಾಗ ಬಾಕ್ಸ್ ತನ್ನ ನಡುಬಿಂದುವಿನಲ್ಲಿ ಇಲ್ಲ. ಸಡಿಲವಾದ ಪಕ್ಕದ ಭಾಗದಲ್ಲಿ ಕೂತಿದೆ. ಆ ಸಡಿಲವೇ ಶಿಮ್ಮಿಗೆ ಬಾಗಿಲು ತೆರೆಯುತ್ತದೆ. ಆಗ ಇನ್ನೊಬ್ಬರು ಬಂದು ‘ಬಾಕ್ಸ್ ಪ್ಲೇ ಇದೆ’ ಎಂದು ಅಡ್ಜಸ್ಟಿಂಗ್ ಸ್ಕ್ರೂ ಬಿಗಿಯುತ್ತಾರೆ. ಅಷ್ಟಕ್ಕೆ ಬಾಕ್ಸ್ ನಡುವೆ ಬಿಗಿದು ಕಚ್ಚುತ್ತದೆ, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ಮರಳುವುದಿಲ್ಲ, ಒಳಗಿನ ಹಲ್ಲು ಹಾಳಾಗುತ್ತದೆ. ಪೆಟ್ಟು ಬಿದ್ದದ್ದು ಎಡಕ್ಕೆ, ಶಿಕ್ಷೆ ಬಲಗಡೆಯ ಬಾಕ್ಸಿಗೆ!

ಬಾಕ್ಸ್ ನಡುವಿನಲ್ಲಿದೆಯೇ ಎಂದು ತಿಳಿಯಲು ಅದರ ತೋಳಿನಿಂದ ರಾಡ್ ಬಿಚ್ಚಿ, ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಎಣಿಸಿ ತಿರುಗಿಸಿ, ಸರಿಯಾಗಿ ಅರ್ಧಕ್ಕೆ ನಿಲ್ಲಿಸಬೇಕು. ಚಕ್ರಗಳು ನೇರವಾಗಿದ್ದಾಗ ರಾಡ್ ಎಳೆಯದೆ ತಳ್ಳದೆ ತನ್ನ ತೂತಿಗೆ ಬಂದು ಕೂರಬೇಕು.

ಐಡ್ಲರಿನ ಎತ್ತರವೂ ಅಷ್ಟೇ ಮುಖ್ಯ. ಅದು ಕೆಲವೇ ಮಿ.ಮೀ. ಮೇಲೆ ಅಥವಾ ಕೆಳಗೆ ಸರಿದರೂ, ಚಕ್ರ ಏಳುಬೀಳುವಾಗ ತೋಳು ಬರೆಯುವ ಕಮಾನಿಗೂ ಟೈ ರಾಡ್ ಬರೆಯುವ ಕಮಾನಿಗೂ ಹೊಂದಾಣಿಕೆ ತಪ್ಪುತ್ತದೆ. ಪ್ರತಿ ಉಬ್ಬಿಗೂ ಆ ಬದಿಯ ಚಕ್ರ ತನ್ನಷ್ಟಕ್ಕೆ ತಿರುಗುತ್ತದೆ. ಸೇತುವೆಯ ಜಾಯಿಂಟಿನಲ್ಲಿ ಓಲಾಟ ಹುಟ್ಟುತ್ತಿದ್ದ ಗುಟ್ಟು ಇದೇ. ಬಲಗಡೆಯ ಎತ್ತರ ಅಳೆದು ಎಡಕ್ಕೆ ಹೋಲಿಸಿದರೆ ಸಾಕು, ಗೊತ್ತಾಗಿಬಿಡುತ್ತದೆ. ಬಹಳ ಗ್ಯಾರೇಜುಗಳಲ್ಲಿ ಇದನ್ನು ಅಳೆಯುವವರೇ ಇಲ್ಲ.

ದಾರ, ತೂಗುಗುಂಡು, ಸೀಮೆಸುಣ್ಣ

ಬ್ರ್ಯಾಕೆಟ್ ಸರಿದಿದೆ ಎಂದರೆ ಅದು ಕೂತಿರುವ ಲೋಹವೂ ಸರಿದಿರಬಹುದು. ಫಿಯೆಟ್ 1100ಕ್ಕೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಮೂಲೆಗೆ ಬಿದ್ದ ಪೆಟ್ಟು ಮಡ್‌ಗಾರ್ಡಿನಲ್ಲಿ ನಿಲ್ಲದೆ ಒಳಗಿನ ತಗಡಿಗೂ ಕ್ರಾಸ್ ಮೆಂಬರಿಗೂ ಹರಿಯುತ್ತದೆ.

ಸಮತಟ್ಟಾದ ನೆಲ ಬೇಕು. ಕಾರಿನ ಅಡಿಯಲ್ಲಿ ಎಡಕ್ಕೂ ಬಲಕ್ಕೂ ಸಮಾನವಾಗಿರುವ ಬೋಲ್ಟುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಚುಕ್ಕೆ ಹಾಕಬೇಕು. ಕಾರು ಪಕ್ಕಕ್ಕೆ ತಳ್ಳಿ ಚುಕ್ಕೆಗಳ ಕರ್ಣಗಳನ್ನು ಅಳೆಯಬೇಕು. ಎರಡೂ ಸಮ ಬಂದರೆ ಮೈ ಚೌಕ, ಬಾರದಿದ್ದರೆ ವಜ್ರಾಕೃತಿಗೆ ಎಳೆದಿದೆ. ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರವನ್ನೂ ಎರಡೂ ಬದಿ ಅಳೆಯಬೇಕು. ಈ ಕಾರಿಗೆ ಅದು 2340 ಮಿ.ಮೀ. ಎಡಗಡೆ ಕಡಿಮೆ ಬಂದರೆ ಆ ಚಕ್ರ ಹಿಂದಕ್ಕೆ ತಳ್ಳಲ್ಪಟ್ಟಿದೆ.

ಚಕ್ರ ಹಿಂದಕ್ಕೆ ಹೋಯಿತೆಂದರೆ ಕ್ಯಾಸ್ಟರ್ ಕೂಡ ಬದಲಾಗಿರುವ ಸಂಭವವೇ ಹೆಚ್ಚು. ಸೈಕಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವುದು ಹುಡುಗರು ಕೈಬಿಟ್ಟು ಓಡಿಸಲು ನೆರವಾಗುತ್ತದೆ. ಕಾರಿನ ಕಿಂಗ್‌ಪಿನ್ನಿಗೂ ಅಂಥದೇ ವಾಲುವಿಕೆ ಇದೆ; ಅದೇ ಕ್ಯಾಸ್ಟರ್. ಅದು ಕಡಿಮೆಯಾದರೆ ಕಾರು ರಸ್ತೆಯಲ್ಲಿ ಅಲೆಯುತ್ತದೆ. ಹಳೆಯ ದಂಡದ ಆಕ್ಸಲ್ ಕಾರುಗಳಲ್ಲಿ ಅದು ಅತಿಯಾದರೆ ಶಿಮ್ಮಿ ಏಳುತ್ತದೆ. ಆ ಕಾರುಗಳಲ್ಲಿ ಕಮಾನು ಪಟ್ಟಿಗೂ ಆಕ್ಸಲಿಗೂ ನಡುವೆ ಓರೆ ತುಂಡು ಇಟ್ಟು ಸರಿಮಾಡುತ್ತಾರೆ. ಟೋ-ಇನ್, ಅಂದರೆ ಚಕ್ರಗಳ ಮುಂಬದಿ ಒಳಕ್ಕೆ ತುಸು ಬಾಗಿರುವುದು, ಕೆಲವೇ ಮಿ.ಮೀ. ಲೆಕ್ಕ. ಅಲೈನ್‌ಮೆಂಟ್ ಅಂಗಡಿಯಲ್ಲಿ ಹೆಚ್ಚಾಗಿ ಸರಿಪಡಿಸುವುದು ಇದೊಂದನ್ನೇ. ಆದ್ದರಿಂದ ‘ಅಲೈನ್‌ಮೆಂಟ್ ಆಗಿದೆ’ ಎಂಬ ರಸೀದಿ ನಂಬಿ ಕೂರುವಂತಿಲ್ಲ.

ಬೇರೆ ಕಾರುಗಳಿಗೆ ಬೇರೆ ಹುಳುಕು. ಅಂಬಾಸಿಡರಿನಲ್ಲಿ ರ‍್ಯಾಕ್ ಮಾದರಿಯ ಸ್ಟೇರಿಂಗ್, ಐಡ್ಲರ್ ಇಲ್ಲ. ರ‍್ಯಾಕ್ ಕೂತಿರುವ ಕ್ಲಾಂಪು ನೋಡಬೇಕು. ಹಳೆಯ ಜೀಪಿನಲ್ಲಿ ದಂಡದ ಆಕ್ಸಲ್ ಜೊತೆಗೆ ನಡುವಿನ ಬೆಲ್‌ಕ್ರ್ಯಾಂಕ್. ತಂತಿ ಕಡ್ಡಿಯ ಚಕ್ರಗಳಿದ್ದರೆ ಕಡ್ಡಿಗಳ ಬಿಗಿ, ಹಬ್ಬಿನ ಹಲ್ಲಿನ ಸವೆತ.

ಬಿರುಕು ಕಾಣಿಸುವ ಸೀಮೆಸುಣ್ಣ
*ಪೆಟ್ಟು ತಿಂದ ಸ್ಟಬ್ ಆಕ್ಸಲ್, ಸ್ಟೇರಿಂಗ್ ತೋಳುಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಹಿಂದೆ ರೈಲ್ವೆ ವರ್ಕ್‌ಶಾಪುಗಳಲ್ಲಿ ಭಾಗವನ್ನು ಎಣ್ಣೆಯಲ್ಲಿ ನೆನೆಸಿ, ಒರೆಸಿ, ಸುಣ್ಣದ ಪುಡಿ ಹಚ್ಚುತ್ತಿದ್ದರು. ಬಿರುಕಿನಲ್ಲಿ ಉಳಿದ ಎಣ್ಣೆ ಒಸರಿ ಬಿಳಿಯ ಮೇಲೆ ಗೆರೆ ಮೂಡುತ್ತಿತ್ತು. ಇಂದಿನ ಕೆಂಪು ಬಣ್ಣದ ಡೈ ಪರೀಕ್ಷೆಯ ತತ್ವವೂ ಅದೇ. ಬಾಗಿದ ಸ್ಟೇರಿಂಗ್ ತೋಳನ್ನು ಗ್ಯಾಸಿನಲ್ಲಿ ಕಾಯಿಸಿ ನೆಟ್ಟಗೆ ಮಾಡಿಸಬಾರದು. ಕಾಯಿಸಿದರೆ ಉಕ್ಕಿನ ಹದ ಕೆಡುತ್ತದೆ. ಬದಲಾಯಿಸುವುದೊಂದೇ ದಾರಿ.*

ಡ್ಯಾಂಪರ್ ಎಂಬ ಆಮಿಷ

ಎಲ್ಲ ಸೋತಾಗ ಯಾರಾದರೂ ಸ್ಟೇರಿಂಗ್ ಡ್ಯಾಂಪರ್ ಹಾಕಿಸಲು ಹೇಳುತ್ತಾರೆ. ರಾಡಿಗೆ ಅಡ್ಡಲಾಗಿ ಕೂರುವ ಸಣ್ಣ ಶಾಕ್ ಅಬ್ಸಾರ್ಬರ್ ಅದು. ಫೋಕ್ಸ್‌ವ್ಯಾಗನ್ ಬೀಟಲ್‌ನಂಥ ಕಾರುಗಳಿಗೆ ಕಾರ್ಖಾನೆಯಲ್ಲೇ ಕೊಟ್ಟದ್ದುಂಟು. ಅಲ್ಲಿ ಅದು ವಿನ್ಯಾಸದ ಭಾಗ. ಅಪಘಾತವಾದ ಕಾರಿಗೆ ಹಾಕಿದರೆ ಅದು ಲಕ್ಷಣವನ್ನು ಮುಚ್ಚುತ್ತದೆ ಅಷ್ಟೇ. ಸರಿದ ಬ್ರ್ಯಾಕೆಟ್, ಬಿರುಕುಬಿಟ್ಟ ತೋಳು ಅದರಡಿ ಹಾಗೇ ಇರುತ್ತವೆ. ನಡುಕ ಕಾರು ಕೊಡುತ್ತಿರುವ ಎಚ್ಚರಿಕೆ. ಅದರ ಬಾಯಿ ಮುಚ್ಚಿಸುವುದು ಪ್ರಾಣಕ್ಕೆ ಅಪಾಯ.

ಬದಲಿ ಭಾಗಗಳ ವಿಷಯದಲ್ಲಿ ಫಿಯೆಟ್ಟಿನ ಯಜಮಾನರು ಅದೃಷ್ಟವಂತರು. ಇದೇ ವಿನ್ಯಾಸ ಪದ್ಮಿನಿಯಾಗಿ ದಶಕಗಳ ಕಾಲ ಮುಂದುವರಿಯಿತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ವರೆಗೂ ಓಡಿತು. ಕಿಂಗ್‌ಪಿನ್ ಸೆಟ್, ಬುಷ್, ಟೈ ರಾಡ್ ಎಂಡ್‌ಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಗಳಲ್ಲಿ ಕೇಳಿ ನೋಡಬಹುದು.

ವಿಂಟೇಜ್ ಪಟ್ಟಕ್ಕೆ ಷರತ್ತು
*2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ವಿಂಟೇಜ್. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಬಳಿಕ ‘ವಿಎ’ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಮೈ ಅಥವಾ ಎಂಜಿನ್‌ನಲ್ಲಿ ಮೂಲದಿಂದ ಬೇರೆಯಾದ ದೊಡ್ಡ ಮಾರ್ಪಾಡು ಆಗಿರಬಾರದು. ಅಪಘಾತದ ರಿಪೇರಿ ಮಾಡಿಸುವಾಗ ಈ ಷರತ್ತೂ ನೆನಪಿರಬೇಕು.*

ನಮ್ಮ ಫಿಯೆಟ್ಟಿನ ಕತೆ ಹೀಗೆ ಮುಗಿಯುತ್ತದೆ: ರಿಮ್ ಬದಲು, ಒಳತಗಡನ್ನು ಎಳೆದು ಕರ್ಣಗಳು ಸಮವಾಗುವವರೆಗೆ ನೆಟ್ಟಗೆ ಮಾಡಿದ್ದು, ಐಡ್ಲರ್ ಬ್ರ್ಯಾಕೆಟ್ ತನ್ನ ಎತ್ತರಕ್ಕೆ, ಬಾಕ್ಸ್ ನಡುಬಿಂದುವಿಗೆ, ಎಲ್ಲ ಕೋಟೆ ನಟ್ಟುಗಳಿಗೂ ಹೊಸ ಸ್ಪ್ಲಿಟ್ ಪಿನ್. ಕೊನೆಯಲ್ಲಿ ಟೋ-ಇನ್. ಈ ಕ್ರಮ ತಲೆಕೆಳಗಾದರೆ ಮಾಡಿದ ಕೆಲಸವೆಲ್ಲ ಮತ್ತೆ ಮಾಡಬೇಕಾಗುತ್ತದೆ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಬೋಲ್ಟುಗಳ ಬಿಗಿಯನ್ನು ಇನ್ನೊಮ್ಮೆ ನೋಡಿಸಬೇಕು.

ಹಳೆಯ ಕಾರಿನ ಒಡೆಯರಲ್ಲಿ ಒಂದೇ ಮನವಿ. ಡಿಕ್ಕಿಯಾದ ಕಾರನ್ನು ಗ್ಯಾರೇಜಿಗೆ ಬಿಟ್ಟಾಗ ಬಣ್ಣದ ಡಬ್ಬಿ ತೆರೆಯುವ ಮುನ್ನ ಎರಡು ಕರ್ಣ, ಎರಡೂ ಬದಿಯ ಚಕ್ರಾಂತರ, ಕ್ಯಾಸ್ಟರ್, ಐಡ್ಲರಿನ ಎತ್ತರ, ಇಷ್ಟನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಅಂಕಿಗಳು ಸರಿಬರುವವರೆಗೆ ಪೇಂಟಿಗೆ ಒಪ್ಪಬೇಡಿ. ಆ ಚೀಟಿಯನ್ನು ಕಾರಿನ ದಾಖಲೆಗಳ ಜೊತೆ ಇಟ್ಟು, ಮುಂದೊಂದು ದಿನ ಕಾರು ಕೈ ಬದಲಾಯಿಸುವಾಗ ಕೀಲಿಯೊಂದಿಗೆ ಅದನ್ನೂ ಕೊಡಿ.